ಡೀಸೆಲ್ ಕಾರಿನ ಎಕ್ಸಾಸ್ಟ್ ಸೆನ್ಸರ್ ತೊಂದರೆ: ಬದಲಿಸುವ ಮೊದಲು ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ಇಂಜಿನ್ ಲೈಟ್ ಬಂತು, ಪಿಕಪ್ ಸತ್ತು ಹೋಯಿತು, ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದರು. ‘ಡಿಪಿಎಫ್ ಪ್ರೆಶರ್ ಸೆನ್ಸರ್ ಹೋಗಿದೆ ಸಾರ್’ ಎಂದು ಹೊಸದು ಹಾಕಿ ಬಿಲ್ ಕೊಟ್ಟರು. (ಡಿಪಿಎಫ್ ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್.) ಸ್ವಲ್ಪ ದಿನ ಓಡಿಸುವಷ್ಟರಲ್ಲಿ ಅದೇ ಲೈಟ್, ಅದೇ ಕೋಡ್. ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರು ಇಟ್ಟುಕೊಂಡ ಅನೇಕರಿಗೆ ಈ ಕತೆ ಗೊತ್ತು. ಹಳೆಯ ಸೆನ್ಸರ್ ಬಹುಶಃ ಸರಿಯಾಗಿಯೇ ಇತ್ತು. ಅದು ಹೇಳಿದ್ದನ್ನು ಯಾರೂ ಅಳೆದು ನೋಡಲಿಲ್ಲ.

ಕೋಡ್ ಅಂದರೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಕೊಡುವ ಒಂದು ದೂರು: ‘ಈ ದಾರಿಯಿಂದ ಬರುವ ಅಂಕಿಯನ್ನು ನಾನು ನಂಬಲಾರೆ’. ಆ ದಾರಿಯಲ್ಲಿ ಸೆನ್ಸರ್ ಇದೆ, ಅದರ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಇದೆ, ಮೀಟರ್‌ಗಟ್ಟಲೆ ವೈರ್ ಇದೆ, ಫ್ಯೂಸ್ ಇದೆ, ರಬ್ಬರ್ ಹೋಸ್ ಇದೆ. ಕೊನೆಗೆ, ಅಳೆಸಿಕೊಳ್ಳುತ್ತಿರುವ ಹೊಗೆಯೂ ಇದೆ. ಇಷ್ಟರಲ್ಲಿ ಯಾವುದು ಕೆಟ್ಟಿದೆ ಅಂತ ಮನೆಯಲ್ಲೇ ಪತ್ತೆ ಮಾಡುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಮಲ್ಟಿಮೀಟರ್ ಹಿಡಿಯಲು ಬರುವವರಿಗೆ ಇದು ಕಷ್ಟದ ಕೆಲಸವಲ್ಲ. ತಾಳ್ಮೆ ಮಾತ್ರ ಬೇಕು. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಸುಮ್ನೆ ಕಂಪನಿ ಸರ್ವೀಸ್‌ಗೆ ಕೊಡಿ, ನೀವು ಬಿಚ್ಚಲು ಹೋಗಬೇಡಿ.

ಯಾವ ಸೆನ್ಸರ್ ಎಲ್ಲಿದೆ

ಭಾರತದಲ್ಲಿ ಬಿಎಸ್6 ನಿಯಮ 2020ರ ಏಪ್ರಿಲ್ 1ರಂದು ಬಂತು. ಅದರ ಎರಡನೇ ಹಂತ 2023ರ ಏಪ್ರಿಲ್‌ನಲ್ಲಿ ಬಂತು. ಆಗಿನಿಂದ ರಸ್ತೆಯ ಮೇಲೆ ಓಡುವಾಗಲೂ ಹೊಗೆ ಮಿತಿಯೊಳಗೆ ಇರಬೇಕು, ಅದನ್ನು ಕಾರೇ ಗಮನಿಸುತ್ತಿರಬೇಕು. ಹಾಗಾಗಿ ಇಂಜಿನ್‌ನಿಂದ ಹಿಂದಿನ ಬಂಪರ್‌ವರೆಗೆ ಸೆನ್ಸರ್‌ಗಳ ಸಾಲೇ ಇದೆ.

ಟರ್ಬೊ ದಾಟಿದ ಹೊಗೆ ಮೊದಲು ಡಿಒಸಿ ಎಂಬ ಕ್ಯಾಟಲಿಟಿಕ್ ಡಬ್ಬಿಗೆ ಹೋಗುತ್ತದೆ. ಅಲ್ಲಿಂದ ಮಸಿ ಹಿಡಿಯುವ ಡಿಪಿಎಫ್‌ಗೆ. ಹಲವು ಕಾರುಗಳಲ್ಲಿ ಅದಾದ ಮೇಲೆ ಆಡ್‌ಬ್ಲೂ ಎಂಬ ಯೂರಿಯಾ ದ್ರವ ಸಿಂಪಡಿಸಿ ನಾಕ್ಸ್ (ನೈಟ್ರೋಜನ್ ಆಕ್ಸೈಡ್ ಅನಿಲಗಳು) ಕಡಿಮೆ ಮಾಡುವ ಎಸ್‌ಸಿಆರ್ ಇರುತ್ತದೆ. ಈ ದಾರಿಯ ನಡುನಡುವೆ ಇಜಿಟಿ, ಅಂದರೆ ಹೊಗೆಯ ಬಿಸಿ ಅಳೆಯುವ ಸೆನ್ಸರ್‌ಗಳು ಎರಡರಿಂದ ನಾಲ್ಕು ಇರುತ್ತವೆ. ಡಿಪಿಎಫ್‌ನ ಹಿಂದೆ ಮುಂದೆ ಒತ್ತಡ ಎಷ್ಟು ಬೇರೆಯಿದೆ ಎಂದು ನೋಡುವ ಪ್ರೆಶರ್ ಸೆನ್ಸರ್ ಒಂದು. ಅದು ಎಕ್ಸಾಸ್ಟ್‌ಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ಎರಡು ಸಣ್ಣ ಪೈಪುಗಳು ಬಂದು ಮೇಲೆ ತಂಪಾದ ಜಾಗದಲ್ಲಿರುವ ಸೆನ್ಸರ್‌ಗೆ ಸೇರುತ್ತವೆ. ನಾಕ್ಸ್ ಸೆನ್ಸರ್ ಒಂದೋ ಎರಡೋ ಇರುತ್ತವೆ. ಪ್ರತಿಯೊಂದಕ್ಕೂ ವೈರಿನ ತುದಿಯಲ್ಲಿ ಒಂದು ಪುಟ್ಟ ಕಂಟ್ರೋಲ್ ಡಬ್ಬಿ ಅಂಟಿಕೊಂಡಿರುತ್ತದೆ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಆಮ್ಲಜನಕ ಅಳೆಯುವ ಲ್ಯಾಂಬ್ಡಾ ಸೆನ್ಸರ್ ಇದ್ದರೆ ಟರ್ಬೊ ಪಕ್ಕದಲ್ಲೇ ಇರುತ್ತದೆ.

ಒಂದು ಎಚ್ಚರಿಕೆ. ‘ಸೆನ್ಸರ್ 1, 2, 3’ ಎಂಬ ಸಂಖ್ಯೆ ಕಂಪನಿಯಿಂದ ಕಂಪನಿಗೆ ಬೇರೆ ಜಾಗವನ್ನು ತೋರಿಸಬಹುದು. ನಿಮ್ಮ ಮಾಡೆಲ್‌ನ ಚಿತ್ರ ನೋಡದೆ ಬಿಚ್ಚಿದರೆ ಸರಿಯಾಗಿದ್ದ ಸೆನ್ಸರ್ ಕೈಗೆ ಬರುತ್ತದೆ.

ಬೇಕಾದ ಸಾಮಾನು

ಓಬಿಡಿ ಅಡಾಪ್ಟರ್ (ಕಾರಿನ ಸ್ಕ್ಯಾನರ್ ಸಾಕೆಟ್‌ಗೆ ಚುಚ್ಚುವ ಸಾಧನ) ಮತ್ತು ಫೋನಿನ ಒಂದು ಆ್ಯಪ್. ಇಎಲ್ಎಂ327 ಹೆಸರಿನ ಅಗ್ಗದ ನಕಲಿಗಳು ಕೋಡ್ ಓದಲು ಸಾಕು, ಆದರೆ ಕೆಲವು ಅರ್ಧ ದಾರಿಯಲ್ಲಿ ಕೈಕೊಡುತ್ತವೆ. ಡಿಪಿಎಫ್ ಮಸಿ ಪ್ರಮಾಣ, ರೀಜನ್ (ಸೇರಿದ ಮಸಿಯನ್ನು ಫಿಲ್ಟರ್ ಒಳಗೇ ಸುಡುವುದು) ಆರಂಭಿಸುವ ಆಜ್ಞೆ, ಹೊಸ ಸೆನ್ಸರ್ ಕಲಿಸುವ ಕೆಲಸ, ಇವಕ್ಕೆಲ್ಲ ನಿಮ್ಮ ಕಂಪನಿಯ ಕಾರನ್ನು ಪೂರ್ತಿ ಓದಬಲ್ಲ ಸ್ಕ್ಯಾನರ್ ಬೇಕು. ಅದನ್ನು ಕೊಳ್ಳುವ ಬದಲು, ಪತ್ತೆ ಕೆಲಸ ನೀವು ಮಾಡಿ ಕೊನೆಯ ಹಂತಕ್ಕೆ ಮಾತ್ರ ಪರಿಚಯದ ಗ್ಯಾರೇಜಿಗೆ ಹೋಗುವುದು ಜಾಣತನ.

ಮಲ್ಟಿಮೀಟರ್, ಟಾರ್ಚ್, ಜಾಕಿ, ಜಾಕಿ ಸ್ಟ್ಯಾಂಡ್ ಎರಡು, ಸ್ಪ್ಯಾನರ್ ಸೆಟ್, ಪಕ್ಕದಲ್ಲಿ ವೈರ್ ಹೋಗಲು ಸೀಳು ಇರುವ 22 ಎಂಎಂ ಸೆನ್ಸರ್ ಸಾಕೆಟ್, ಟಾರ್ಕ್ ರೆಂಚ್, ತುಕ್ಕು ಬಿಡಿಸುವ ಸ್ಪ್ರೇ. ಇನ್ನೆರಡು ವಿಚಿತ್ರ ಎನಿಸಬಹುದು: ಮೆಡಿಕಲ್ ಸ್ಟೋರಿನ 20 ಎಂಎಲ್ ಸಿರಿಂಜ್, ಮತ್ತು ಗಾರೆ ಕೆಲಸದವರು ಬಳಸುವ ಪಾರದರ್ಶಕ ಲೆವೆಲ್ ಪೈಪ್ ಎರಡು ಮೀಟರ್. ಇಡೀ ಪಟ್ಟಿಯಲ್ಲಿ ಅತಿ ಅಗ್ಗದವು ಇವೇ. ಒಂದು ಸೆನ್ಸರಿನ ದುಡ್ಡು ಉಳಿಸುವುದೂ ಇವೇ.

ಕೈ ಹಾಕುವ ಮೊದಲು

ರೀಜನ್ ಆಗುವಾಗ ಡಿಪಿಎಫ್ ಒಳಗಿನ ಬಿಸಿ 550ರಿಂದ 650 ಡಿಗ್ರಿ ಸೆಲ್ಸಿಯಸ್. ಇಂಜಿನ್ ಆಫ್ ಮಾಡಿದ ಮೇಲೂ ಆ ಡಬ್ಬಿ ಬಹಳ ಹೊತ್ತು ಸುಡುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಕೆಲಸ ಶುರು ಮಾಡಿ. ಜಾಕಿಯನ್ನೊಂದೇ ನಂಬಿ ಕಾರಿನಡಿಗೆ ತಲೆ ಹಾಕಬೇಡಿ, ಸ್ಟ್ಯಾಂಡ್ ಇಟ್ಟೇ ಹೋಗಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ. ಆಡ್‌ಬ್ಲೂ ಇರುವ ಕಾರಾದರೆ ಕೀ ಆಫ್ ಮಾಡಿದ ಕೂಡಲೇ ಬ್ಯಾಟರಿ ಕಳಚಬೇಡಿ. ಪೈಪಿನಲ್ಲಿ ಉಳಿದ ದ್ರವವನ್ನು ಪಂಪ್ ಹಿಂದಕ್ಕೆ ಎಳೆದುಕೊಳ್ಳಲು ಕೆಲವು ನಿಮಿಷ ಬೇಕು.

ಹಂತ 1: ಕೋಡ್ ಅಳಿಸಬೇಡಿ, ಬರೆದುಕೊಳ್ಳಿ

ಸ್ಕ್ಯಾನರ್ ಕೈಗೆ ಬಂದ ಕೂಡಲೇ ‘ಕ್ಲಿಯರ್’ ಒತ್ತುವ ಚಟ ಹಲವರಿಗಿದೆ. ಹಾಗೆ ಒತ್ತಿದರೆ ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ತೊಂದರೆ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟು, ಕೂಲೆಂಟ್ ಬಿಸಿ ಎಷ್ಟು ಎಂಬ ದಾಖಲೆ ಅದು. ತಣ್ಣಗಿನ ಇಂಜಿನ್ ಸ್ಟಾರ್ಟ್ ಆದ ಕೂಡಲೇ ಬಂದ ಕೋಡ್‌ಗೂ ಹೈವೇಯಲ್ಲಿ ನೂರರ ವೇಗದಲ್ಲಿ ಬಂದ ಕೋಡ್‌ಗೂ ಕಾರಣ ಒಂದೇ ಆಗಿರುವುದು ಅಪರೂಪ. ಮೊದಲು ಎಲ್ಲದರ ಫೋಟೊ ತೆಗೆದುಕೊಳ್ಳಿ.

ಸಾಮಾನ್ಯವಾಗಿ ಕಾಣುವ ಕೋಡ್‌ಗಳು ಇವು:

ಪಿ2452ರಿಂದ ಪಿ2455: ಡಿಪಿಎಫ್ ಪ್ರೆಶರ್ ಸೆನ್ಸರ್. 2453 ಅಂದರೆ ಅಂಕಿ ನಂಬುವಂತಿಲ್ಲ, 2454 ಸಿಗ್ನಲ್ ತೀರಾ ಕಡಿಮೆ, 2455 ತೀರಾ ಜಾಸ್ತಿ.
ಪಿ0544, 0545, 0546: ಮೊದಲ ಇಜಿಟಿ ಸೆನ್ಸರ್. ಪಿ2031ರಿಂದ 2033 ಎರಡನೆಯದು. ಪಿ242ಎಯಿಂದ ಪಿ242ಡಿ ಮೂರನೆಯದು.
ಪಿ2200ರಿಂದ 2203: ಮೊದಲ ನಾಕ್ಸ್ ಸೆನ್ಸರ್. ಪಿ229ಇ, ಪಿ229ಎಫ್ ಎರಡನೆಯದು.
ಪಿ2463: ಡಿಪಿಎಫ್‌ನಲ್ಲಿ ಮಸಿ ತುಂಬಿದೆ. ಪಿ242ಎಫ್: ಬೂದಿ ತುಂಬಿದೆ. ಪಿ2002: ಡಿಪಿಎಫ್ ಸರಿಯಾಗಿ ಸೋಸುತ್ತಿಲ್ಲ.
ಪಿ20ಇಇ: ಎಸ್‌ಸಿಆರ್ ಕೆಲಸ ಸಾಲದು.

ಎರಡು ಮೂರು ಕೋಡ್ ಒಟ್ಟಿಗೆ ಇದ್ದರೆ ಯಾವುದು ಯಾವುದಕ್ಕೆ ಕಾರಣ ಎಂದು ಯೋಚಿಸಿ. ಇಜಿಟಿ ಸೆನ್ಸರ್ ಕೆಟ್ಟರೆ ಇಸಿಯು ರೀಜನ್ ಶುರುಮಾಡುವುದೇ ಇಲ್ಲ. ಬಿಸಿ ಎಷ್ಟಿದೆ ಅಂತ ಗೊತ್ತಿಲ್ಲದೆ ಒಳಗೆ ಬೆಂಕಿ ಹಚ್ಚುವ ಧೈರ್ಯ ಅದಕ್ಕಿಲ್ಲ. ರೀಜನ್ ಇಲ್ಲದೆ ಮಸಿ ತುಂಬುತ್ತದೆ, ಪಿ2463 ಬರುತ್ತದೆ. ಈಗ ಡಿಪಿಎಫ್ ಬಿಚ್ಚಿ ತೊಳೆದರೂ ಮತ್ತೆ ತುಂಬುತ್ತದೆ, ಅಲ್ವಾ? ಸರ್ಕಿಟ್ ಕೋಡ್‌ಗಳನ್ನು ಮೊದಲು ಸರಿಮಾಡಿ. ‘ತುಂಬಿದೆ’, ‘ಸಾಲದು’ ಎಂಬ ಕೋಡ್‌ಗಳನ್ನು ಆಮೇಲೆ ನೋಡಿ. ಎರಡು ಮೂರು ಬೇರೆ ಬೇರೆ ಸೆನ್ಸರ್‌ಗಳು ಒಂದೇ ದಿನ ದೂರು ಹೇಳಿದರೆ ಅವೆಲ್ಲಕ್ಕೂ ಸೇರಿದ ಫ್ಯೂಸ್, ಅರ್ತ್ ಅಥವಾ 5 ವೋಲ್ಟ್ ಲೈನ್ ಮೇಲೆ ಅನುಮಾನ ಪಡಿ.

ಹಂತ 2: ಬೆಳಗಿನ ತಣ್ಣನೆಯ ಪರೀಕ್ಷೆ

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆ ಇದು. ಆದರೂ ಮಾಡುವವರು ಕಡಿಮೆ. ಕಾರು ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಸ್ಕ್ಯಾನರ್ ತೋರಿಸುವ ಲೈವ್ ಡೇಟಾದಲ್ಲಿ (ಆ ಕ್ಷಣದ ಅಂಕಿಗಳಲ್ಲಿ) ಹೊರಗಿನ ಗಾಳಿ, ಕೂಲೆಂಟ್, ಮತ್ತು ಎಲ್ಲ ಇಜಿಟಿ ಸೆನ್ಸರ್‌ಗಳ ಬಿಸಿ ನೋಡಿ. ಎಲ್ಲವೂ ಒಂದೇ ಗಾಳಿಯಲ್ಲಿ ತಣ್ಣಗಾಗಿವೆ, ಹಾಗಾಗಿ ಅಂಕಿಗಳು ಹತ್ತಿರ ಹತ್ತಿರ ಇರಬೇಕು. ಹತ್ತು ಹದಿನೈದು ಡಿಗ್ರಿ ಆಚೆ ಈಚೆ ಪರವಾಗಿಲ್ಲ. ಉಳಿದವು 22, 24 ತೋರಿಸುವಾಗ ಒಂದು ಮಾತ್ರ 90 ಅಂದರೆ ಅದು ಸುಳ್ಳು ಹೇಳುತ್ತಿದೆ. ತಣ್ಣನೆಯ ಕಾರಿನಲ್ಲಿ 900 ದಾಟಿದ ಅಥವಾ ಮೈನಸ್ 40ರ ಅಂಕಿ ಕಂಡರೆ ವೈರ್ ತುಂಡಾಗಿದೆ, ಇಲ್ಲವೇ ಶಾರ್ಟ್ ಆಗಿದೆ.

ಇದೇ ಹೊತ್ತಿನಲ್ಲಿ ಡಿಪಿಎಫ್ ಒತ್ತಡವನ್ನೂ ನೋಡಿ. ಹೊಗೆ ಹರಿಯುತ್ತಿಲ್ಲ, ಅಂದಮೇಲೆ ಸೊನ್ನೆ ಬರಬೇಕು. ಒಂದೆರಡು ಮಿಲಿಬಾರ್ ವ್ಯತ್ಯಾಸ ಸಹಜ. ಇಂಜಿನ್ ಆಫ್ ಇದ್ದೂ 15, 20 ತೋರಿಸುವ ಸೆನ್ಸರ್ ಇಡೀ ದಿನ ಮಸಿ ಜಾಸ್ತಿ ಇದೆ ಎಂದೇ ಲೆಕ್ಕ ಹಾಕುತ್ತದೆ. ಸುಮ್ಮಸುಮ್ಮನೆ ಪದೇ ಪದೇ ರೀಜನ್ ಆಗುವುದಕ್ಕೆ ಇದೂ ಒಂದು ಕಾರಣ. ಕೆಲವು ಸ್ಕ್ಯಾನರ್‌ಗಳು ಕಿಲೋಪಾಸ್ಕಲ್‌ನಲ್ಲಿ, ಕೆಲವು ಹೆಕ್ಟೋಪಾಸ್ಕಲ್‌ನಲ್ಲಿ ತೋರಿಸುತ್ತವೆ. 1 ಕಿಲೋಪಾಸ್ಕಲ್ ಅಂದರೆ 10 ಮಿಲಿಬಾರ್. ಹೆಕ್ಟೋಪಾಸ್ಕಲ್ ಮತ್ತು ಮಿಲಿಬಾರ್ ಎರಡೂ ಒಂದೇ.

ಹಂತ 3: ಕಣ್ಣಿಗೆ ಕಾಣುವುದನ್ನು ಮೊದಲು ನೋಡಿ

ನಮ್ಮ ಊರುಗಳಲ್ಲಿ ಸೆನ್ಸರ್ ವೈರಿನ ಮೊದಲ ಶತ್ರು ಇಲಿ. ಮಳೆಗಾಲದಲ್ಲಿ ಬೆಚ್ಚಗಿನ ಬಾನೆಟ್ ಅಡಿ ಸೇರಿಕೊಂಡು ವೈರ್ ಕಡಿಯುತ್ತದೆ. ತೋಟದ ಮನೆಯಾಗಲಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಆಗಲಿ, ಅದಕ್ಕೆ ಭೇದವಿಲ್ಲ. ಎರಡನೆಯದು ನೀರು. ರಸ್ತೆಯಲ್ಲಿ ನಿಂತ ನೀರು ದಾಟಿದ ಮೇಲೆ ಕಪ್ಲರ್ ಒಳಗೆ ಹಸಿರು ತುಕ್ಕು ಕಟ್ಟುತ್ತದೆ. ಮೂರನೆಯದು ಬಿಸಿ. ಹಿಂದೆ ಯಾರೋ ಕೆಲಸ ಮಾಡಿ ಕ್ಲಿಪ್ ಹಾಕದೆ ಬಿಟ್ಟರೆ, ವೈರ್ ಪೈಪಿಗೆ ತಾಗಿ ಕರಗುತ್ತದೆ.

ಪ್ರತಿ ಕಪ್ಲರನ್ನೂ ಬಿಚ್ಚಿ ಪಿನ್ ನೋಡಿ. ಇಂಜಿನ್ ಐಡಲ್‌ನಲ್ಲಿರುವಾಗ ಲೈವ್ ಡೇಟಾ ನೋಡುತ್ತಾ ಬಿಸಿ ಭಾಗದಿಂದ ದೂರವಿರುವ ವೈರನ್ನು ಮೆಲ್ಲಗೆ ಅಲುಗಾಡಿಸಿ. ಅಂಕಿ ಜಿಗಿದರೆ ಅಲ್ಲೇ ತೊಂದರೆ. ಪೈಪುಗಳ ಜೋಡಣೆಯಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅಲ್ಲಿ ಹೊಗೆ ಸೋರುತ್ತಿದೆ. ಸೋರುವ ಕಡೆ ಹೊರಗಿನ ಗಾಳಿಯೂ ಒಳಗೆ ಸೇರಿ ಲ್ಯಾಂಬ್ಡಾ, ನಾಕ್ಸ್ ಸೆನ್ಸರ್‌ಗಳಿಗೆ ತಪ್ಪು ಲೆಕ್ಕ ಕೊಡಬಹುದು.

ಕಾರಿನ ಹಿಂದೆ ಬನ್ನಿ. ಸೈಲೆನ್ಸರ್ ಬಾಯಿಯೊಳಗೆ ಒಂದು ಬಿಳಿ ಬಟ್ಟೆಯಿಂದ ಒರೆಸಿ. ಡಿಪಿಎಫ್ ಸರಿಯಿರುವ ಕಾರಿನಲ್ಲಿ ಬಟ್ಟೆ ಹೆಚ್ಚುಕಡಿಮೆ ಸ್ವಚ್ಛವಾಗಿಯೇ ಬರುತ್ತದೆ. ದಟ್ಟ ಮಸಿ ಬಂದರೆ ಫಿಲ್ಟರ್ ಒಳಗೆ ಬಿರುಕು ಬಿಟ್ಟಿದೆ, ಇಲ್ಲವೇ ಹಿಂದಿನ ಮಾಲೀಕರು ಅದನ್ನು ಒಡೆಸಿ ತೆಗೆಸಿದ್ದಾರೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಕೊಳ್ಳುವಾಗ ನಾನು ಮೊದಲು ಮಾಡುವ ಪರೀಕ್ಷೆ ಇದು.

ಹಂತ 4: ಡಿಪಿಎಫ್ ಪ್ರೆಶರ್ ಸೆನ್ಸರ್

ವಿನಾಕಾರಣ ಅತಿ ಹೆಚ್ಚು ಬದಲಾಗುವ ಸೆನ್ಸರ್ ಇದು ಅನ್ನುವುದು ನನ್ನ ಅನಿಸಿಕೆ. ಕೆಟ್ಟಿರುವುದು ಬಹಳ ಸಲ ಅದರ ಹೋಸ್.

ಮೊದಲು ಇಂಜಿನ್ ಬಿಸಿಯಾಗಲಿ. ಐಡಲ್‌ನಲ್ಲಿ ಒತ್ತಡ ನೋಡಿ. ಸ್ವಚ್ಛ ಫಿಲ್ಟರ್ ಇದ್ದರೆ ಸಾಮಾನ್ಯವಾಗಿ 10 ಮಿಲಿಬಾರ್ ಒಳಗೆ. ನಿಂತಲ್ಲೇ 3000 ಆರ್‌ಪಿಎಂಗೆ ಏರಿಸಿದರೆ ಕೆಲವು ಹತ್ತುಗಳಿಗೆ ಏರಬೇಕು, ಕಾಲು ತೆಗೆದ ಕೂಡಲೇ ಇಳಿಯಬೇಕು. ಸರಿಯಾದ ಮಿತಿ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ, ಸರ್ವೀಸ್ ಮ್ಯಾನ್ಯುಯಲ್ ನೋಡಿ. ಆದರೆ ನಡವಳಿಕೆ ಎಲ್ಲದರಲ್ಲೂ ಒಂದೇ. ನಿಂತ ಕಾರಿನಲ್ಲೇ 100 ದಾಟಿದರೆ ಫಿಲ್ಟರ್ ನಿಜವಾಗಿಯೂ ಕಟ್ಟಿಕೊಂಡಿರುವ ಸಾಧ್ಯತೆ ಜಾಸ್ತಿ. ಆರ್‌ಪಿಎಂ ಏರಿದರೂ ಅಂಕಿ ಮಿಸುಕಾಡದಿದ್ದರೆ ಹೋಸ್ ಕಳಚಿದೆ, ಬಿರಿದಿದೆ, ಒಳಗೆ ಮಸಿ ಕಟ್ಟಿದೆ, ಅಥವಾ ಡಿಪಿಎಫ್ ಒಳಗೆ ಏನೂ ಇಲ್ಲ. ಅಂಕಿ ಮೈನಸ್ ಕಡೆಗೆ ಹೋದರೆ ಎರಡು ಹೋಸ್ ಅದಲುಬದಲಾಗಿವೆ. ಮೊನ್ನೆ ಮೊನ್ನೆ ಯಾರಾದರೂ ಅಲ್ಲಿ ಕೆಲಸ ಮಾಡಿದ್ದರೆ ಇದನ್ನೇ ಮೊದಲು ನೋಡಿ.

ಈಗ ಹೋಸ್. ಇಂಜಿನ್ ತಣ್ಣಗಾಗಲಿ. ಎರಡೂ ಹೋಸನ್ನು ಸೆನ್ಸರ್ ತುದಿಯಿಂದ ಬಿಚ್ಚಿ, ಯಾವುದು ಎಲ್ಲಿತ್ತು ಎಂದು ಟೇಪ್ ಹಚ್ಚಿ ಗುರುತು ಮಾಡಿ. ಬಗ್ಗಿಸಿ ನೋಡಿ, ಸಣ್ಣ ಬಿರುಕು ಬಾಗಿಸಿದಾಗಲೇ ಕಾಣುವುದು. ಆಮೇಲೆ ಹೋಸ್‌ನಿಂದ ಎಕ್ಸಾಸ್ಟ್ ಕಡೆಗೆ ಗಾಳಿ ಊದಿ. ಸರಾಗವಾಗಿ ಹೋಗಬೇಕು. ಕಟ್ಟಿಕೊಂಡಿದ್ದರೆ ಮೆಟಲ್ ಪೈಪಿನ ತುದಿಯಲ್ಲಿ ಗಟ್ಟಿ ಮಸಿ ಇರುತ್ತದೆ. ತೆಳು ವೈರ್ ತೂರಿಸಿ ಬಿಡಿಸಬಹುದು, ಆದರೆ ಆಳಕ್ಕೆ ತಳ್ಳಿ ಫಿಲ್ಟರ್ ಚುಚ್ಚಬೇಡಿ. ಕಂಪ್ರೆಸರ್ ಗಾಳಿಯನ್ನು ಸೆನ್ಸರ್ ಕಡೆಗೆ ಎಂದೂ ಬಿಡಬೇಡಿ. ಒಂದು ಬಾರ್‌ಗಿಂತಲೂ ಕಡಿಮೆ ಒತ್ತಡಕ್ಕೆ ಮಾಡಿದ ಪೊರೆ ಅದು, ಟೈರ್ ಅಂಗಡಿಯ ಗಾಳಿಗೆ ಹರಿದು ಹೋಗುತ್ತದೆ. ಹೊಸ ಹೋಸ್ ಹಾಕುವುದಾದರೆ ಕಂಪನಿಯದ್ದೇ ಹಾಕಿ. ನೀರಿನ ಪೈಪು, ಪೆಟ್ರೋಲ್ ಪೈಪು ಈ ಬಿಸಿಗೆ ತಡೆಯುವುದಿಲ್ಲ. ಹೋಸ್ ಸೆನ್ಸರ್‌ನಿಂದ ಎಕ್ಸಾಸ್ಟ್ ಕಡೆಗೆ ಇಳಿಜಾರಾಗಿಯೇ ಹೋಗಬೇಕು. ನಡುವೆ ಜೋತು ಬಿದ್ದರೆ ಹೊಗೆಯಲ್ಲಿನ ನೀರು ಅಲ್ಲಿ ನಿಂತು ಅಂಕಿ ಕೆಡಿಸುತ್ತದೆ.

ವೈರಿಂಗ್ ನೋಡುವುದು ಸುಲಭ, ಹೆಚ್ಚಿನವು ಮೂರು ವೈರಿನವು. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ವೈರಿಂಗ್ ಕಡೆಯ ಪಿನ್‌ಗಳನ್ನು ಅಳೆಯಿರಿ. ಒಂದರಲ್ಲಿ 5 ವೋಲ್ಟ್, ಒಂದು ಅರ್ತ್, ಮೂರನೆಯದು ಸಿಗ್ನಲ್. 5 ವೋಲ್ಟ್ ಇಲ್ಲದಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನವಿಲ್ಲ. ಕಪ್ಲರ್ ಜೋಡಿಸಿ ಹಿಂಬದಿಯಿಂದ ಸಿಗ್ನಲ್ ಅಳೆದರೆ, ಒತ್ತಡವಿಲ್ಲದಾಗ ಸಾಮಾನ್ಯವಾಗಿ ಅರ್ಧದಿಂದ ಒಂದು ವೋಲ್ಟ್ ಸಿಗುತ್ತದೆ.

ಸೆನ್ಸರ್ ನಿಜ ಹೇಳುತ್ತಿದೆಯೇ ಎಂದು ತಿಳಿಯಲು ಈಗ ಲೆವೆಲ್ ಪೈಪ್ ತನ್ನಿ. ಅದನ್ನು ಒಂದು ಹಲಗೆಗೆ ‘ಯು’ ಆಕಾರದಲ್ಲಿ ಕಟ್ಟಿ ಅರ್ಧದವರೆಗೆ ನೀರು ತುಂಬಿಸಿ. ಒಂದು ಬಾಯಿ ತೆರೆದಿರಲಿ. ಇನ್ನೊಂದು ಬಾಯಿಯಿಂದ ಟೀ ಜಾಯಿಂಟ್ ಹಾಕಿ ಒಂದು ಕವಲು ಸಿರಿಂಜ್‌ಗೆ, ಇನ್ನೊಂದು ಕವಲು ಸೆನ್ಸರಿನ ಡಿಪಿಎಫ್ ಮುಂಭಾಗದ ಬಾಯಿಗೆ ಸೇರಿಸಿ. ಸೆನ್ಸರಿನ ಎರಡನೇ ಬಾಯಿ ಖಾಲಿ ಬಿಡಿ. ಹಲಗೆ ಸೆನ್ಸರ್‌ಗಿಂತ ಕೆಳಗಿರಲಿ, ನೀರು ಒಳಗೆ ಹೋಗಬಾರದು. ಸಿರಿಂಜ್ ಮೆಲ್ಲಗೆ ಒತ್ತಿ. ಎರಡು ಬದಿಯ ನೀರಿನ ಮಟ್ಟದಲ್ಲಿ 50 ಸೆಂಟಿಮೀಟರ್ ವ್ಯತ್ಯಾಸ ಬಂದಾಗ ಒತ್ತಡ ಸರಿಸುಮಾರು 49 ಮಿಲಿಬಾರ್. 20 ಸೆಂಟಿಮೀಟರ್ ಆದರೆ ಸುಮಾರು 20. ಸ್ಕ್ಯಾನರ್ ಅದನ್ನೇ ತೋರಿಸಬೇಕು. ಸಿರಿಂಜ್ ಬಿಟ್ಟಾಗ ಸೊನ್ನೆಗೆ ಬರಬೇಕು. ಅಂಕಿ ಹೊಂದಿದರೆ ಸೆನ್ಸರ್ ನಿರಪರಾಧಿ, ತೊಂದರೆ ಹೋಸ್‌ನಲ್ಲೋ ಫಿಲ್ಟರ್‌ನಲ್ಲೋ ಇದೆ. ಹೊಂದದಿದ್ದರೆ, ವೈರಿಂಗ್ ಸರಿಯಿದೆ ಎಂದು ಆಗಲೇ ನೋಡಿದ್ದೀರಿ, ಧೈರ್ಯವಾಗಿ ಬದಲಿಸಿ.

ಹಂತ 5: ಇಜಿಟಿ ಸೆನ್ಸರ್

ಹೆಚ್ಚಿನ ಇಜಿಟಿ ಸೆನ್ಸರ್‌ಗಳಿಗೆ ಎರಡೇ ವೈರ್. ಒಳಗೆ ಬಿಸಿಗೆ ತಕ್ಕಂತೆ ಓಮ್ ಬದಲಾಗುವ ಒಂದು ತುಣುಕು ಇರುತ್ತದೆ. ಬಹಳ ಕಾರುಗಳಲ್ಲಿ ಪಿಟಿ200 ಜಾತಿಯ ಪ್ಲಾಟಿನಂ ಸೆನ್ಸರ್. ಸೊನ್ನೆ ಡಿಗ್ರಿಯಲ್ಲಿ 200 ಓಮ್, 25 ಡಿಗ್ರಿಯಲ್ಲಿ ಸುಮಾರು 219 ಓಮ್, ಬಿಸಿಯಾದಷ್ಟೂ ಏರುತ್ತದೆ. ಇನ್ನು ಕೆಲವು ಎನ್‌ಟಿಸಿ ಜಾತಿಯವು. ತಣ್ಣಗಿದ್ದಾಗ ಸಾವಿರಗಟ್ಟಲೆ ಓಮ್ ತೋರಿಸಿ ಬಿಸಿಯಾದಂತೆ ಇಳಿಯುತ್ತವೆ. ನಿಮ್ಮದು ಯಾವುದು ಎಂದು ಗೊತ್ತಿಲ್ಲವೇ? ಪಕ್ಕದ ಒಳ್ಳೆಯ ಸೆನ್ಸರನ್ನೂ ಅಳೆದು ಹೋಲಿಸಿ.

ಕಪ್ಲರ್ ಬಿಚ್ಚಿ ಸೆನ್ಸರ್ ಕಡೆ ಓಮ್ ಅಳೆಯಿರಿ. ಪಿಟಿ200ರಲ್ಲಿ ಮೀಟರ್ ಏನೂ ತೋರಿಸದಿದ್ದರೆ ಒಳಗೆ ತುಂಡಾಗಿದೆ. ಒಂದು ವೈರ್‌ನಿಂದ ಸೆನ್ಸರಿನ ಲೋಹದ ಮೈಗೆ ಅಳೆಯಿರಿ, ಅಲ್ಲಿ ಸಂಪರ್ಕ ಸಿಗಬಾರದು.

ಇದಾದ ಮೇಲೆ ಜಂಪರ್ ಪರೀಕ್ಷೆ. ಕಪ್ಲರ್ ಬಿಚ್ಚಿದ ಸ್ಥಿತಿಯಲ್ಲಿ ಲೈವ್ ಡೇಟಾ ನೋಡಿ. ಅಂಕಿ ಒಂದು ತುದಿಗೆ ಹೋಗಿ ನಿಂತಿರುತ್ತದೆ. ಈಗ ಕಾರಿನ ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಸಣ್ಣ ವೈರಿನಿಂದ ಸೇರಿಸಿ. ಅಂಕಿ ಇನ್ನೊಂದು ತುದಿಗೆ ಹಾರಬೇಕು. ಹಾರಿದರೆ ವೈರಿಂಗ್ ಮತ್ತು ಇಸಿಯು ಎರಡೂ ಸರಿ, ಸೆನ್ಸರೇ ಹೋಗಿದೆ. ಹಾರದಿದ್ದರೆ ವೈರ್ ನಡುವೆ ಎಲ್ಲೋ ತುಂಡಾಗಿದೆ. ಎರಡು ವೈರಿನ ಸಾದಾ ಸೆನ್ಸರ್‌ಗೆ ಮಾತ್ರ ಇದನ್ನು ಮಾಡಿ. ಮೂರು ವೈರ್ ಇದ್ದರೆ ಅಥವಾ ಎಲೆಕ್ಟ್ರಾನಿಕ್ ಡಬ್ಬಿ ಇದ್ದರೆ ಪಿನ್ ಸೇರಿಸಲು ಹೋಗಬೇಡಿ, 5 ವೋಲ್ಟ್ ಲೈನ್ ಶಾರ್ಟ್ ಆಗುತ್ತದೆ.

ಕೆಲವು ಸೆನ್ಸರ್ ಪೂರ್ತಿ ಸಾಯುವುದಿಲ್ಲ, ಸೋಮಾರಿಯಾಗುತ್ತವೆ. ಸ್ನೇಹಿತರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ, ಅವರು ಗ್ರಾಫ್ ನೋಡಲಿ. ಎಕ್ಸಿಲರೇಟರ್ ಒತ್ತಿದಾಗ ಟರ್ಬೊ ಹತ್ತಿರದ್ದು ಮೊದಲು ಏರಿ, ಹಿಂದಿನವು ಸ್ವಲ್ಪ ತಡವಾಗಿ ಹಿಂಬಾಲಿಸಬೇಕು. ರೀಜನ್ ಹೊತ್ತಿನಲ್ಲಿ ಮಾತ್ರ ಡಿಒಸಿ ದಾಟಿದ ಮೇಲಿನ ಬಿಸಿ ಅದರೊಳಗೆ ಹೋಗುವ ಮೊದಲಿನದಕ್ಕಿಂತ ಜಾಸ್ತಿ ಇರುತ್ತದೆ, ಏಕೆಂದರೆ ಹೆಚ್ಚುವರಿ ಡೀಸೆಲ್ ಉರಿಯುವುದು ಆ ಡಬ್ಬಿಯೊಳಗೆ. ಹೀಗಾಗದಿದ್ದರೆ ಡಿಒಸಿ ದಣಿದಿದೆ. ಅದನ್ನು ಸೆನ್ಸರ್ ಬದಲಿಸಿ ಸರಿಮಾಡಲಾಗದು.

ಹಂತ 6: ನಾಕ್ಸ್ ಸೆನ್ಸರ್ ಮತ್ತು ಆಡ್‌ಬ್ಲೂ

ಇವೆಲ್ಲದರಲ್ಲಿ ಬಹುಮಟ್ಟಿಗೆ ದುಬಾರಿ ಇದೇ, ಹಾಗಾಗಿ ಇನ್ನೂ ಜಾಸ್ತಿ ಅನುಮಾನದಿಂದ ನೋಡಿ. ಇದು ಓಮ್ ಅಳೆದು ತಿಳಿಯುವ ಸೆನ್ಸರ್ ಅಲ್ಲ. ಡಬ್ಬಿಯೊಳಗಿನ ಎಲೆಕ್ಟ್ರಾನಿಕ್ಸ್ ಲೆಕ್ಕ ಹಾಕಿ ಕ್ಯಾನ್ ಲೈನ್ (ಕಾರಿನೊಳಗಿನ ಡೇಟಾ ವೈರ್) ಮೂಲಕ ಇಸಿಯುಗೆ ಕಳಿಸುತ್ತದೆ. ಮೀಟರ್‌ನಿಂದ ನೋಡಬಹುದಾದದ್ದು ಇಷ್ಟು: ಕೀ ಆನ್ ಇದ್ದಾಗ 12 ವೋಲ್ಟ್ ಬರುತ್ತಿದೆಯೇ, ಅರ್ತ್ ಗಟ್ಟಿಯಿದೆಯೇ, ಹೀಟರ್ ಫ್ಯೂಸ್ ಸರಿಯಿದೆಯೇ. ಸೆನ್ಸರ್ ತುದಿಯನ್ನು ಅದರ ಹೀಟರ್ ಸುಮಾರು 800 ಡಿಗ್ರಿಗೆ ಕಾಯಿಸುತ್ತದೆ. ಪೈಪಿನಲ್ಲಿ ನೀರಿನ ಹನಿ ಇರುವಾಗ ಕಾಯಿಸಿದರೆ ಪಿಂಗಾಣಿ ಸೀಳುತ್ತದೆ, ಅದಕ್ಕೇ ಹೀಟರ್ ತಡವಾಗಿ ಆನ್ ಆಗುತ್ತದೆ. ಸ್ಟಾರ್ಟ್ ಆದ ಕೂಡಲೇ ಅಂಕಿ ಬರದಿದ್ದರೆ ಗಾಬರಿ ಬೇಡ.

ಪರೀಕ್ಷೆ ರಸ್ತೆಯ ಮೇಲೆ. ಪೂರ್ತಿ ಬಿಸಿಯಾದ ಕಾರನ್ನು ಗೇರಿನಲ್ಲೇ ಇಟ್ಟು ಇಳಿಜಾರಿನಲ್ಲಿ ಎಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಡೀಸೆಲ್ ನಿಂತು ಬರೀ ಗಾಳಿ ಹೊರಬೀಳುತ್ತದೆ. ನಾಕ್ಸ್ ಸೊನ್ನೆಯ ಹತ್ತಿರಕ್ಕೆ, ಆಮ್ಲಜನಕ ಶೇ 21ರ ಹತ್ತಿರಕ್ಕೆ ಬರಬೇಕು. ಬಾರದಿದ್ದರೆ ಸೆನ್ಸರ್ ದಿಕ್ಕು ತಪ್ಪಿದೆ. ಎರಡು ಸೆನ್ಸರ್ ಇದ್ದರೆ ಇನ್ನೊಂದು ಉಪಾಯವಿದೆ. ಎಸ್‌ಸಿಆರ್ ಇನ್ನೂ ತಣ್ಣಗಿದ್ದು ಆಡ್‌ಬ್ಲೂ ಬೀಳದ ಹೊತ್ತಿನಲ್ಲಿ ಮುಂದಿನದ್ದೂ ಹಿಂದಿನದ್ದೂ ಹೆಚ್ಚುಕಡಿಮೆ ಒಂದೇ ಅಂಕಿ ಕೊಡಬೇಕು.

ಪಿ20ಇಇ ಬಂದಾಗ ಸೆನ್ಸರ್‌ಗಿಂತ ಮೊದಲು ಆಡ್‌ಬ್ಲೂ ನೋಡಿ. ಅದರಲ್ಲಿ ಶೇ 32.5 ಯೂರಿಯಾ, ಉಳಿದದ್ದು ಶುದ್ಧ ನೀರು. ಐಎಸ್‌ಒ 22241 ಎಂದು ಡಬ್ಬಿಯ ಮೇಲೆ ಇರಬೇಕು. ಗೊಬ್ಬರದ ಯೂರಿಯಾ ಕಲಸಿ ಮಾರುವವರಿದ್ದಾರೆ, ಹತ್ತಿರ ಹೋಗಬೇಡಿ. ಇಂಜೆಕ್ಟರ್ ಬಾಯಲ್ಲಿ ಬಿಳಿ ಹರಳು ಕಟ್ಟಿದ್ದರೆ ಬಿಸಿನೀರಿನಲ್ಲಿ ಕರಗುತ್ತದೆ. ಆಡ್‌ಬ್ಲೂ ಜಾಸ್ತಿ ಬಿದ್ದರೂ ಇದೇ ಕೋಡ್ ಬರಬಹುದು. ನಾಕ್ಸ್ ಸೆನ್ಸರ್ ಅಮೋನಿಯಾವನ್ನೂ ನಾಕ್ಸ್ ಎಂದೇ ಓದುತ್ತದೆ.

ಲ್ಯಾಂಬ್ಡಾ ಸೆನ್ಸರ್‌ಗೂ ಇಳಿಜಾರಿನ ಪರೀಕ್ಷೆಯೇ ಸಾಕು. ಆಮ್ಲಜನಕ ಹೊರಗಿನ ಗಾಳಿಯಷ್ಟಕ್ಕೆ ಬಂದರೆ ಅದು ಸರಿಯಿದೆ. ಆಗ ಇಜಿಆರ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಬಿಡುವ ವಾಲ್ವ್), ಏರ್ ಫ್ಲೋ ಮೀಟರ್, ಟರ್ಬೊ ಹೋಸ್ ಕಡೆ ನೋಡಿ.

ಹಂತ 7: ಬಿಚ್ಚುವುದು, ಹಾಕುವುದು

ಸೆನ್ಸರ್ ತುಕ್ಕು ಹಿಡಿದು ಕೂತಿರುತ್ತದೆ. ಹಿಂದಿನ ರಾತ್ರಿಯೇ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಇಂಜಿನ್ ಒಂದೆರಡು ನಿಮಿಷ ಓಡಿಸಿ ಪೈಪ್ ಬೆಚ್ಚಗೆ ಮಾಡಿ, ಸುಡುವಷ್ಟಲ್ಲ. ಸೀಳು ಸಾಕೆಟ್ ಪೂರ್ತಿ ಕೂರಿಸಿ. ಕಾಲು ಸುತ್ತು ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಮತ್ತೆ ಬಿಚ್ಚಿ. ಒಂದೇ ಸಮ ಬಲ ಹಾಕಿದರೆ ಡಬ್ಬಿಯ ಮರೆಯೇ (ಥ್ರೆಡ್) ಕಿತ್ತು ಬರುತ್ತದೆ. ಆಮೇಲೆ ಸೆನ್ಸರ್ ಜೊತೆ ಡಿಪಿಎಫ್ ಖರ್ಚೂ ತಲೆಗೆ ಬರಬಹುದು. ಜಗ್ಗದಿದ್ದರೆ ಅಲ್ಲೇ ನಿಲ್ಲಿಸಿ ಗ್ಯಾಸ್ ಹೀಟಿಂಗ್ ಇರುವ ಗ್ಯಾರೇಜಿಗೆ ಕೊಡಿ.

ಹೊಸದರ ಪಾರ್ಟ್ ನಂಬರ್ ಹಳೆಯದರ ಜೊತೆ ಅಕ್ಷರ ಅಕ್ಷರವಾಗಿ ತಾಳೆ ನೋಡಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ನೋಡಲು ಒಂದೇ ಥರ ಇರುವ ಸೆನ್ಸರ್‌ಗಳು ಸಿಗುತ್ತವೆ, ಒಳಗಿನ ಲೆಕ್ಕ ಬೇರೆ ಇರುತ್ತದೆ. ಹಳೆಯದನ್ನು ಕೈಯಲ್ಲೇ ಹಿಡಿದು ಹೋಗಿ. ಮರೆಗೆ ಮಾತ್ರ ಬಿಸಿ ತಡೆಯುವ ಆಂಟಿ ಸೀಜ್ ಪೇಸ್ಟ್ ಸ್ವಲ್ಪ ಹಚ್ಚಿ, ತುದಿಗೆ ತಾಗಬಾರದು. ಕೆಲವದರಲ್ಲಿ ಕಂಪನಿಯೇ ಹಚ್ಚಿರುತ್ತದೆ. ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ, ಮ್ಯಾನ್ಯುಯಲ್ ಹೇಳಿದಷ್ಟು ಟಾರ್ಕ್ ಕೊಡಿ. ವೈರನ್ನು ಹಳೆಯ ದಾರಿಯಲ್ಲೇ, ಎಲ್ಲ ಕ್ಲಿಪ್ ಹಾಕಿ ಒಯ್ಯಿರಿ.

ಇಲಿ ಕಡಿದ ವೈರ್ ಜೋಡಿಸಲು ಇನ್ಸುಲೇಶನ್ ಟೇಪ್ ಸಾಲದು, ಬಿಸಿಗೆ ಬಿಟ್ಟುಕೊಳ್ಳುತ್ತದೆ. ಕ್ರಿಂಪ್ ಮಾಡಿ ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಹಾಕಿ. ನಾಕ್ಸ್ ಸೆನ್ಸರ್ ಮತ್ತು ಅದರ ಡಬ್ಬಿಯ ನಡುವಿನ ವೈರನ್ನು ಮಾತ್ರ ಕತ್ತರಿಸಿ ಜೋಡಿಸಬೇಡಿ. ಎರಡನ್ನೂ ಒಟ್ಟಿಗೇ ಹೊಂದಿಸಿ ಫ್ಯಾಕ್ಟರಿಯಿಂದ ಕಳಿಸಿರುತ್ತಾರೆ.

‘ಸೆನ್ಸರ್ ತಲೆನೋವೇ ಬೇಡ, ಡಿಪಿಎಫ್ ತೆಗೆದು ಸಾಫ್ಟ್‌ವೇರ್ ಹಾಕಿಬಿಡ್ತೀವಿ’ ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಹೊಗೆ ಮಿತಿ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ. ಎಮಿಷನ್ ಟೆಸ್ಟ್ ಪಾಸಾಗಿದೆ ಅಂತ ಸಮಾಧಾನ ಪಡುವುದೂ ಬೇಡ. ಡೀಸೆಲ್ ಕಾರಿಗೆ ಅಲ್ಲಿ ನೋಡುವುದು ಹೊಗೆ ಎಷ್ಟು ಕಪ್ಪಗಿದೆ ಎಂದಷ್ಟೇ, ನಾಕ್ಸ್ ಅಳೆಯುವುದಿಲ್ಲ.

ಹಂತ 8: ಕಲಿಸುವುದು ಮತ್ತು ಓಡಿಸಿ ನೋಡುವುದು

ಈಗ ಕೋಡ್ ಅಳಿಸಿ. ಹೊಸ ಪ್ರೆಶರ್ ಸೆನ್ಸರ್ ಹಾಕಿದ್ದರೆ ಹಲವು ಕಾರುಗಳಲ್ಲಿ ಸ್ಕ್ಯಾನರ್‌ನಿಂದ ಅದರ ಸೊನ್ನೆಯನ್ನು ಕಲಿಸಬೇಕು, ಇಲ್ಲದಿದ್ದರೆ ಹಳೆಯ ತಿದ್ದುಪಡಿಯೇ ಉಳಿಯುತ್ತದೆ. ಆದರೆ ‘ಹೊಸ ಡಿಪಿಎಫ್ ಹಾಕಿದೆ’ ಎಂಬ ಬಟನ್ ಒತ್ತಬೇಡಿ. ಫಿಲ್ಟರ್ ತುಂಬಿರುವಾಗ ಖಾಲಿ ಎಂದು ಹೇಳಿದರೆ ಇಸಿಯು ರೀಜನ್ ಮುಂದೂಡುತ್ತದೆ. ಕೊನೆಗೊಮ್ಮೆ ಅಷ್ಟೂ ಮಸಿ ಒಟ್ಟಿಗೆ ಉರಿದಾಗ ಫಿಲ್ಟರ್ ಕರಗಬಹುದು.

ಸೆನ್ಸರ್ ಕೆಟ್ಟಿದ್ದ ದಿನಗಳಲ್ಲಿ ಮಸಿ ಸೇರಿರುತ್ತದೆ. ಡಿಪ್‌ಸ್ಟಿಕ್ ತೆಗೆದು ನೋಡಿ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿ ಡೀಸೆಲ್ ವಾಸನೆ ಬಂದರೆ, ಅರ್ಧಕ್ಕೆ ನಿಂತ ರೀಜನ್‌ಗಳ ಡೀಸೆಲ್ ಕೆಳಗಿಳಿದಿದೆ. ಮೊದಲು ಆಯಿಲ್ ಬದಲಿಸಿ. ಡಿಪಿಎಫ್ ಇರುವ ಕಾರಿಗೆ ಕಡಿಮೆ ಬೂದಿಯ ಆಯಿಲ್ಲೇ ಬೇಕು. ಮಸಿ ಉರಿಯುತ್ತದೆ, ಆಯಿಲ್ ಬೂದಿ ಎಂದಿಗೂ ಉರಿಯುವುದಿಲ್ಲ. ಟ್ಯಾಂಕಿನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಡೀಸೆಲ್ ಇರಲಿ.

ಮಸಿ ಮಿತಿಯೊಳಗಿದ್ದರೆ ಓಡಿಸುತ್ತಲೇ ರೀಜನ್ ಮಾಡಿಸಿ. ತುಮಕೂರು ರಸ್ತೆಯೋ ಹುಬ್ಬಳ್ಳಿ ಬೈಪಾಸೋ, ಸಿಗ್ನಲ್ ಕಡಿಮೆ ಇರುವ ಕಡೆ 60ರ ಮೇಲೆ, 2000 ಆರ್‌ಪಿಎಂ ಆಸುಪಾಸಿನಲ್ಲಿ ಇಪ್ಪತ್ತು ನಿಮಿಷ. ಡಿಪಿಎಫ್ ಮುಂದಿನ ಬಿಸಿ 550 ದಾಟಿ ನಿಲ್ಲುತ್ತದೆ, ಮಸಿಯ ಲೆಕ್ಕ ಇಳಿಯುತ್ತದೆ. ನಡುವೆ ಆಫ್ ಮಾಡಬೇಡಿ. ನಿಂತಲ್ಲೇ ಸ್ಕ್ಯಾನರ್‌ನಿಂದ ಮಾಡಿಸುವುದಾದರೆ ಬಯಲು ಜಾಗ ಬೇಕು. ಒಣ ಹುಲ್ಲು, ತರಗೆಲೆ, ಅಡಿಕೆ ಸಿಪ್ಪೆ ಏನೂ ಕೆಳಗಿರಬಾರದು. ಮಸಿ ಕಂಪನಿಯ ಮಿತಿ ದಾಟಿದ್ದರೆ ಎರಡೂ ಬೇಡ, ಫಿಲ್ಟರ್ ಬಿಚ್ಚಿ ತೊಳೆಸಬೇಕು.

ಮನೆಗೆ ಬಂದ ಮೇಲೆ ಪೆಂಡಿಂಗ್ ಕೋಡ್ ಇದೆಯೇ ನೋಡಿ. ಇಂಜಿನ್ ಲೈಟ್ ಬರುವ ಮೊದಲೇ ತೊಂದರೆ ಅಲ್ಲಿ ಕಾಣುತ್ತದೆ. ಮಾರನೆಯ ಬೆಳಿಗ್ಗೆ ಹಂತ 2ರ ತಣ್ಣನೆಯ ಪರೀಕ್ಷೆ ಇನ್ನೊಮ್ಮೆ ಮಾಡಿ ಅಂಕಿಗಳ ಫೋಟೊ ಇಟ್ಟುಕೊಳ್ಳಿ. ಅದೇ ಕೋಡ್ ಮತ್ತೆ ಬಂದರೆ ಹಳೆಯ ಫ್ರೀಜ್ ಫ್ರೇಮ್ ಪಕ್ಕದಲ್ಲಿ ಹೊಸದನ್ನು ಇಟ್ಟು ನೋಡಿ. ಅದೇ ವೇಗ, ಅದೇ ಬಿಸಿಯಲ್ಲಿ ಬಂದಿದ್ದರೆ ಕಾರಣ ಇನ್ನೂ ಹಾಗೇ ಇದೆ. ಆಗ ಕಪ್ಲರ್‌ನಿಂದ ಇಸಿಯುವರೆಗಿನ ಪ್ರತಿ ವೈರಿನ ಓಮ್ ಅಳೆಯಬೇಕು. ಬ್ಯಾಟರಿ ಕಳಚಿ, ಇಸಿಯು ಕಪ್ಲರ್ ಬಿಚ್ಚಿ, ವೈರಿಂಗ್ ಚಿತ್ರ ಮುಂದಿಟ್ಟುಕೊಂಡು ಮಾಡುವ ಕೆಲಸ ಅದು. ಅಲ್ಲಿಗೆ ಒಬ್ಬ ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಕರೆಯಿರಿ, ನೀವು ಬರೆದಿಟ್ಟ ಅಂಕಿಗಳನ್ನೆಲ್ಲ ಅವರ ಕೈಗೆ ಕೊಡಿ.